ಕಾಳು ಆಮೇಲೆ, ಹುಳ ಮೊದಲು: ಕೈತೋಟಕ್ಕೆ ಹಕ್ಕಿ, ಚಿಟ್ಟೆ, ಕಪ್ಪೆ ಬರಬೇಕೆಂದರೆ

ಬಟ್ಟಲಲ್ಲಿ ಕಾಳು ತುಂಬಿ ತಾರಸಿಯ ಮೇಲಿಟ್ಟರೆ ಕೆಲವೇ ದಿನಗಳಲ್ಲಿ ಪಾರಿವಾಳ ಬರುತ್ತದೆ. ಎರಡು ವಾರಕ್ಕೆ ಎರಡಿದ್ದದ್ದು ಹತ್ತಾಗುತ್ತವೆ. ತಿಂಗಳು ತುಂಬುವಷ್ಟರಲ್ಲಿ ಕಟ್ಟೆಯೆಲ್ಲ ಹಿಕ್ಕೆ, ಚೆಲ್ಲಿದ ಕಾಳಿಗೆ ರಾತ್ರಿ ಇಲಿ. ಯಾವ ಹಕ್ಕಿಗಳು ಬರಲೆಂದು ಇದನ್ನೆಲ್ಲ ಶುರುಮಾಡಿದ್ದೋ ಆ ಸೂರಕ್ಕಿ, ಸಿಂಪಿಗ, ಪಿಕಳಾರ, ಮಡಿವಾಳಗಳು ಮಾತ್ರ ಅತ್ತ ಸುಳಿಯುವುದಿಲ್ಲ. ಕಾಳು ಬದಲಿಸಿದರೂ ಅಷ್ಟೆ, ಬಟ್ಟಲು ಬದಲಿಸಿದರೂ ಅಷ್ಟೆ. ಏಕೆಂದರೆ ಆ ಹಕ್ಕಿಗಳಿಗೆ ಕಾಳು ಬೇಕಾಗಿಯೇ ಇಲ್ಲ.

ಕೊಕ್ಕು ನೋಡಿದರೆ ಸಾಕು, ಗೊತ್ತಾಗುತ್ತದೆ. ಸೂರಕ್ಕಿಯ ಬಾಗಿದ ಸೂಜಿ ಕೊಕ್ಕು ಇರುವುದು ಹೂವಿನ ಬುಡದ ಮಕರಂದಕ್ಕೆ, ಎಲೆ ಸಂದಿಯ ಜೇಡಕ್ಕೆ. ಸಿಂಪಿಗನದು ಎಲೆ ಮೇಲಿನ ಹುಳ ಹೆಕ್ಕುವ ಚಿಮಟ. ಪಿಕಳಾರಕ್ಕೆ ಸಣ್ಣ ಹಣ್ಣು, ಜೊತೆಗೆ ಹುಳ. ಕಾಳಿನ ಸಿಪ್ಪೆ ಸುಲಿಯುವ ಗಿಡ್ಡ, ದಪ್ಪ ಕೊಕ್ಕು ಗುಬ್ಬಚ್ಚಿ, ರಾಟವಾಳದಂಥ ಕೆಲವಕ್ಕೆ ಮಾತ್ರ ಉಂಟು. ಅವು ಸಹ ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮರಿಗೆ ಕಾಳು ಕೊಡುವುದಿಲ್ಲ. ಗಿಡದ ಹೇನು, ಹಸಿರು ಹುಳ, ಮಿಡತೆಮರಿ ಹುಡುಕಿ ತರುತ್ತವೆ. ಗುಬ್ಬಚ್ಚಿಯ ಮರಿ ಎರಡು ವಾರದಲ್ಲಿ ಗೂಡು ಬಿಡುವಷ್ಟು ಬೆಳೆಯಬೇಕು. ಆ ವೇಗಕ್ಕೆ ಪ್ರೋಟೀನ್ ಬೇಕು, ಕೊಬ್ಬು ಬೇಕು. ಗೂಡಿನ ಮರಿ ನೀರು ಕುಡಿಯಲು ಹೋಗಲಾರದು, ತಿನ್ನುವ ಊಟದಲ್ಲೇ ನೀರೂ ಇರಬೇಕು. ಇವೆಲ್ಲ ಒಂದೇ ಗುಟುಕಿನಲ್ಲಿ, ಅದೂ ಗಂಟಲಲ್ಲಿ ಸಿಕ್ಕಿಕೊಳ್ಳದಷ್ಟು ಮೆತ್ತಗೆ ಸಿಗುವುದು ಚಿಟ್ಟೆ-ಪತಂಗಗಳ ಮರಿಹುಳದಲ್ಲಿ.

ಎಷ್ಟು ಹುಳ ಬೇಕಾದೀತು? ಉತ್ತರ ಅಮೆರಿಕದಲ್ಲಿ ಚಿಕಡೀ ಎಂಬ ಹಕ್ಕಿಯಿದೆ, ತೂಕ ಹತ್ತು ಗ್ರಾಂ ಆಸುಪಾಸು. ಒಂದು ಸೂಲಿನ ಮರಿಗಳು ಗೂಡು ಬಿಡುವವರೆಗೆ ಅದು 6,000ದಿಂದ 9,000 ಹುಳ ತರುತ್ತದೆಂಬ ಲೆಕ್ಕವಿದೆ. 2018ರಲ್ಲಿ ಪ್ರಕಟವಾದ, ವಾಷಿಂಗ್ಟನ್ ಸುತ್ತಮುತ್ತಲಿನ ಮನೆ ಹಿತ್ತಲುಗಳಲ್ಲಿ ಇದೇ ಹಕ್ಕಿಯ ಮೇಲೆ ನಡೆದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಹಿತ್ತಲಿನ ಸಸ್ಯರಾಶಿಯಲ್ಲಿ ಅಲ್ಲಿನ ಮೂಲದ ಗಿಡಗಳ ಪಾಲು 70 ಶೇಕಡಾಕ್ಕಿಂತ ಕೆಳಗಿಳಿದರೆ ಹುಟ್ಟುವ ಮರಿಗಳು ಸಾಯುವ ಹಕ್ಕಿಗಳ ಲೆಕ್ಕ ತುಂಬಿಸಲಾರವು. ಹಿತ್ತಲು ಹಸಿರಾಗಿಯೇ ಇತ್ತು, ಆದರೆ ಆ ಹಸಿರಿನಲ್ಲಿ ಹುಳ ಇರಲಿಲ್ಲ.

ಎಲೆಯಲ್ಲಿ ತೂತು ಬೀಳಲಿ

ಚಿಟ್ಟೆ ಬೇಕು, ಹುಳ ಬೇಡ ಎನ್ನುವವರೇ ಹೆಚ್ಚು. ಹೂವಿನ ಗಿಡಗಳನ್ನಷ್ಟೇ ನೆಟ್ಟರೆ ತೋಟ ಚಿಟ್ಟೆಗಳ ಹೋಟೆಲ್ ಆಗುತ್ತದೆ. ಬರುತ್ತವೆ, ಕುಡಿಯುತ್ತವೆ, ಹೋಗುತ್ತವೆ. ಅವು ಅಲ್ಲೇ ಸಂಸಾರ ಹೂಡಬೇಕಾದರೆ ಮರಿ ತಿನ್ನುವ ಎಲೆ ಇರಬೇಕು, ಮತ್ತು ಮರಿ ಕಂಡ ಕಂಡ ಎಲೆ ತಿನ್ನುವುದಿಲ್ಲ. ಗಿಡ ತನ್ನನ್ನು ಉಳಿಸಿಕೊಳ್ಳಲು ಎಲೆಯಲ್ಲಿ ಕಹಿಯನ್ನೋ ವಿಷವನ್ನೋ ಘಾಟನ್ನೋ ತುಂಬಿಕೊಂಡಿರುತ್ತದೆ. ಲಕ್ಷಾಂತರ ವರ್ಷ ಅದೇ ಗಿಡದ ಜೊತೆ ಬಾಳಿದ ಕೀಟಕ್ಕೆ ಮಾತ್ರ ಆ ವಿಷ ಜೀರ್ಣವಾಗುತ್ತದೆ. ದೂರದೇಶದಿಂದ ತಂದು ನೆಟ್ಟ ಅಲಂಕಾರದ ಗಿಡದ ಎಲೆ ವರ್ಷವಿಡೀ ಒಂದು ತೂತೂ ಇಲ್ಲದೆ ಮಿರಿಮಿರಿ ಮಿಂಚುವುದು ಇದರಿಂದಲೇ. ಹಕ್ಕಿಯ ಲೆಕ್ಕದಲ್ಲಿ ಅದು ಖಾಲಿ ತಟ್ಟೆ.

ಹಾಗಾಗಿ ಗಿಡ ಆರಿಸುವಾಗ ಹೂವಿನ ಬಣ್ಣಕ್ಕಿಂತ ಮೊದಲು ಕೇಳಬೇಕಾದದ್ದು ಇದರ ಎಲೆಯನ್ನು ಯಾರು ತಿನ್ನುತ್ತಾರೆ ಎಂದು. ನಿಂಬೆ ಜಾತಿಯ ಗಿಡಕ್ಕೆ ಕಪ್ಪು-ಹಳದಿ ಚುಕ್ಕೆಯ ನಿಂಬೆ ಚಿಟ್ಟೆ, ಕರಿಬೇವಿಗೆ ಕಾಮನ್ ಮಾರ್ಮನ್, ಎಕ್ಕಕ್ಕೆ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್, ಕಣಗಿಲೆಗೆ ಕಂದುಗಪ್ಪು ಬಣ್ಣದ ಕಾಮನ್ ಕ್ರೋ, ಕಕ್ಕೆ-ತಗಚೆಗಳಿಗೆ ತಿಳಿಹಳದಿಯ ವಲಸೆ ಚಿಟ್ಟೆಗಳು. ಕತ್ತರಿಸದೆ ಬಿಟ್ಟ ಹುಲ್ಲಿಗೆ ಕಂದು ಬಣ್ಣದ ಹಲವಾರು. ಅಮೆರಿಕದ ಹೆಸರಾಂತ ಮೊನಾರ್ಕ್ ಚಿಟ್ಟೆಯೂ ಎಕ್ಕದ ಬಳಗದ ಹಾಲುಗಿಡಗಳಲ್ಲದೆ ಬೇರೆಲ್ಲೂ ಮೊಟ್ಟೆಯಿಡುವುದಿಲ್ಲ. ಒಂದೊಂದು ಬಗೆಯದು ಒಂದೇ ಗಿಡ ಇದ್ದರೆ ಸಾಲದು. ಎರಡಡಿ ಎತ್ತರದ ಕುಂಡದ ಗಿಡ ನಾಲ್ಕೈದು ಹುಳಕ್ಕಿಂತ ಹೆಚ್ಚು ತಾಳಲಾರದು. ಎರಡು ಮೂರಿದ್ದರೆ ಒಂದು ಬೋಳಾದಾಗ ಇನ್ನೊಂದು ಚಿಗುರಿರುತ್ತದೆ.

ನಿಂಬೆ ಗಿಡದ ಎಳೆ ಚಿಗುರನ್ನು ಹತ್ತಿರದಿಂದ ನೋಡಿ. ಹೆಣ್ಣು ಚಿಟ್ಟೆ ಕೂತ ಕೂಡಲೇ ಮುಂಗಾಲಲ್ಲಿ ಎಲೆಯನ್ನು ತಟಪಟ ಬಡಿಯುತ್ತದೆ. ಅದರ ನಾಲಗೆ ಇರುವುದು ಆ ಕಾಲಿನಲ್ಲೇ. ಎಲೆಯ ರುಚಿ ನೋಡಿ, ತನ್ನ ಮರಿಗೆ ಸಲ್ಲುವ ಗಿಡವೇ ಎಂದು ಖಾತ್ರಿ ಮಾಡಿಕೊಳ್ಳುತ್ತದೆ. ಆಮೇಲೆ ಸಾಸಿವೆಗಿಂತ ಸಣ್ಣ, ತಿಳಿಹಳದಿ ಮುತ್ತಿನಂಥ ಒಂದು ಮೊಟ್ಟೆ ಅಂಟಿಸಿ ಹಾರುತ್ತದೆ. ಹೊರಬಂದ ಹುಳ ಮೊದಮೊದಲು ಕಂದು-ಬಿಳಿ, ಥೇಟ್ ಹಕ್ಕಿ ಹಿಕ್ಕೆ. ಹಿಕ್ಕೆಯನ್ನು ಯಾವ ಹಕ್ಕಿಯೂ ಕುಕ್ಕುವುದಿಲ್ಲವಲ್ಲ! ಬೆಳೆದ ಮೇಲೆ ಹಸಿರಾಗಿ ಎಲೆಯಲ್ಲಿ ಬೆರೆತುಹೋಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲು ಕೊಂಬಿನಂಥದ್ದನ್ನು ಹೊರಚಾಚಿ ಘಾಟು ಬಿಡುತ್ತದೆ. ಇಷ್ಟೆಲ್ಲ ಉಪಾಯವಿದ್ದೂ ಹೆಚ್ಚಿನ ಹುಳಗಳು ಹಕ್ಕಿಗೋ ಕಣಜಕ್ಕೋ ಊಟವಾಗುತ್ತವೆ. ಆಗಬೇಕಾದದ್ದೂ ಅದೇ. ಗಿಡದ ಮೂರನೇ ಒಂದು ಭಾಗ ಎಲೆ ಹೋದರೂ ಗಟ್ಟಿ ಬೇರಿನ ಗಿಡ ಮತ್ತೆ ಚಿಗುರುತ್ತದೆ. ತೀರಾ ಎಳೆಯ ಸಸಿಯಾದರೆ ಹುಳವನ್ನು ಎಲೆ ಸಮೇತ ಅದೇ ಜಾತಿಯ ದೊಡ್ಡ ಗಿಡಕ್ಕೆ ಸಾಗಿಸಿದರಾಯಿತು.

ಹೂವಿನ ವಿಷಯದಲ್ಲಿ ಒಂದೇ ಎಚ್ಚರ. ಎಸಳು ಒತ್ತೊತ್ತಾಗಿ ತುಂಬಿದ ಮುದ್ದೆ ದಾಸವಾಳ, ಮುದ್ದೆ ಗುಲಾಬಿಗಳಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುತ್ತವೆ. ಪರಾಗ ಕಡಿಮೆ ಅಥವಾ ಇಲ್ಲವೇ ಇಲ್ಲ. ಮಕರಂದವಿದ್ದರೂ ದಾರಿ ಕಟ್ಟಿರುತ್ತದೆ. ಐದೆಸಳಿನ ಸಾದಾ ದಾಸವಾಳಕ್ಕೆ ಸೂರಕ್ಕಿ ಬರುತ್ತದೆ. ಜೇನ್ನೊಣಗಳಿಗೆ ತುಳಸಿ ಜಾತಿಯ ಸಣ್ಣ ಹೂಗೊಂಚಲು ದೊಡ್ಡ ಹೂಗಳಿಗಿಂತ ಮೇಲು. ವರ್ಷದ ಯಾವ ತಿಂಗಳಲ್ಲೂ ಏನಾದರೊಂದು ಅರಳಿರುವಂತೆ ನೋಡಿಕೊಂಡರೆ ಬಾಲ್ಕನಿಯ ಆರೇಳು ಕುಂಡಗಳೂ ಕೆಲಸ ಮಾಡುತ್ತವೆ.

ಔಷಧಿ ಹೊಡೆಯುವ ಮುನ್ನ ಎರಡು ವಾರ

ಚಿಗುರಿಗೆ ಹೇನು ಮುತ್ತಿದಾಗ ಕೈ ಸ್ಪ್ರೇ ಬಾಟಲಿಗೆ ಹೋಗುತ್ತದೆ. ಅಲ್ಲೇ ಕೆಡುವುದು. ಹೇನು ಗಂಡಿನ ಹಂಗಿಲ್ಲದೆ ಮರಿ ಹಾಕುತ್ತ ವಾರದೊಳಗೆ ಸಂತಾನ ಬೆಳೆಸುತ್ತದೆ. ಅದನ್ನು ತಿನ್ನುವ ಗುಲಗಂಜಿ ಹುಳು, ಹೂನೊಣ, ಹಸಿರು ರೆಕ್ಕೆಯ ಲೇಸ್‌ವಿಂಗ್‌ಗಳು ವಾಸನೆ ಹಿಡಿದು ಬಂದು, ಮೊಟ್ಟೆಯಿಟ್ಟು, ಮರಿ ಮಾಡುವುದಕ್ಕೆ ಎರಡು ಮೂರು ವಾರ ಹಿಡಿಯುತ್ತದೆ. ನಡುವಿನ ಈ ದಿನಗಳಲ್ಲಿ ಗಿಡ ನೋಡಲಾಗದಂತಿರುತ್ತದೆ. ಆಗ ಹೊಡೆದ ಔಷಧಿಗೆ ಇಬ್ಬರೂ ಸಾಯುತ್ತಾರೆ. ಬೇಗ ಹುಟ್ಟುವ ಹೇನು ಬೇಗ ಮರಳುತ್ತದೆ, ನಿಧಾನಕ್ಕೆ ಹುಟ್ಟುವ ಗುಲಗಂಜಿ ಹುಳು ಮರಳುವಷ್ಟರಲ್ಲಿ ಮತ್ತೊಮ್ಮೆ ಔಷಧಿ ಬಿದ್ದಿರುತ್ತದೆ. ವರ್ಷಗಟ್ಟಲೆ ಔಷಧಿ ಹೊಡೆಯುವ ತೋಟಗಳಲ್ಲೇ ಹೇನಿನ ಕಾಟ ಹೆಚ್ಚಿರುವುದರ ಗುಟ್ಟು ಇಷ್ಟೇ. ತಡೆಯಲಾಗದಿದ್ದರೆ ಪೈಪ್ ಹಿಡಿದು ನೀರಿನ ಜೋರಿಗೆ ಹೇನು ಉದುರಿಸಿ, ಅಥವಾ ಬೆರಳಲ್ಲಿ ಒರೆಸಿ. ಬೇವಿನ ಎಣ್ಣೆ ‘ನೈಸರ್ಗಿಕ’ ಎಂಬ ಧೈರ್ಯದಲ್ಲಿ ಇಡೀ ತೋಟಕ್ಕೆ ಎರಚುವುದೂ ಬೇಡ, ಅದು ಚಿಟ್ಟೆಮರಿಯನ್ನೂ ಬಿಡುವುದಿಲ್ಲ.

ಇನ್ನೂ ಕೆಟ್ಟದ್ದು ಕಣ್ಣಿಗೆ ಕಾಣದ ವಿಷ. ಇಮಿಡಾಕ್ಲೋಪ್ರಿಡ್‌ನಂಥ ನಿಯೋನಿಕೊಟಿನಾಯ್ಡ್ ಗುಂಪಿನ ಔಷಧಿಗಳನ್ನು ಬುಡಕ್ಕೆ ಹಾಕಿದರೂ ಬೇರಿನಿಂದ ಏರಿ ಎಲೆ, ಪರಾಗ, ಮಕರಂದದವರೆಗೆ ಹರಡುತ್ತವೆ. ಜೇನ್ನೊಣಕ್ಕೆ ಕುತ್ತೆಂದು ಐರೋಪ್ಯ ಒಕ್ಕೂಟ 2018ರಲ್ಲಿ ಈ ಗುಂಪಿನ ಮೂರನ್ನು ಬಯಲಿನ ಬಳಕೆಯಿಂದ ನಿಷೇಧಿಸಿತು. ನರ್ಸರಿಯಿಂದ ತಂದ ಗಿಡದಲ್ಲಿ ಇವು ಮೊದಲೇ ಸೇರಿರಬಹುದು. ಚಿಟ್ಟೆಗೆಂದೇ ತಂದ ಗಿಡದಲ್ಲಿ ಹುಳಗಳು ಎರಡೇ ದಿನಕ್ಕೆ ಸತ್ತು ಬೀಳುತ್ತಿದ್ದರೆ ಅನುಮಾನ ಇದರ ಮೇಲಿರಲಿ. ಬೀಜ ಅಥವಾ ಕಡ್ಡಿಯಿಂದ ಗಿಡ ಮಾಡಿಕೊಳ್ಳುವುದು ಸುರಕ್ಷಿತ.

ಇಲಿ ಪಾಷಾಣದ ಕಥೆಯೂ ಇದೇ ದಾರಿಯದು. ಬ್ರೋಡಿಫಕೂಮ್‌ನಂಥ, ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ ತಿಂದ ಇಲಿ ತಕ್ಷಣ ಸಾಯುವುದಿಲ್ಲ, ಕೆಲವು ದಿನ ತೂರಾಡುತ್ತ ಬಯಲಲ್ಲೇ ಓಡಾಡುತ್ತದೆ. ಗೂಬೆಗೆ ಅದಕ್ಕಿಂತ ಸುಲಭದ ಬೇಟೆ ಉಂಟೆ? ಇಲಿಯ ಜೊತೆ ವಿಷವೂ ಗೂಬೆಯ ಹೊಟ್ಟೆ ಸೇರುತ್ತದೆ. ಇಲಿ ಹಿಡಿಯಲು ಬೋನು ಇಡಿ.

ನೀರು: ಆಳ ಬೇಡ

ಇಂದೇ ಮಾಡಬಹುದಾದ, ಇದೇ ವಾರ ಫಲ ಕಾಣಬಹುದಾದ ಕೆಲಸವೆಂದರೆ ನೀರಿಡುವುದು. ಕಾಳು ತಿನ್ನದ ಹಕ್ಕಿಗಳಿಗೂ ನೀರು ಬೇಕು. ಕುಡಿಯಲಷ್ಟೇ ಬೇಕೆಂದಿಲ್ಲ, ಮಿಂದು ಗರಿ ಶುಚಿಯಾಗಿ ಇಟ್ಟುಕೊಳ್ಳದ ಹಕ್ಕಿ ಸರಿಯಾಗಿ ಹಾರಲಾರದು. ಆದರೆ ಸಾಮಾನ್ಯವಾಗಿ ಇಡುವ ಬಟ್ಟಲು ಕಿರಿದಾಗಿ, ಆಳವಾಗಿ, ನುಣುಪಾಗಿರುತ್ತದೆ. ಸಣ್ಣ ಹಕ್ಕಿ ಅದರ ಅಂಚಲ್ಲಿ ಕೂತು ಬಗ್ಗಿ ನೋಡಿ, ಕಾಲೂರಲು ತಾವಿಲ್ಲದೆ ಹಾರಿಹೋಗುತ್ತದೆ.

ಬೇಕಾದ್ದು ಅಗಲ 30ರಿಂದ 40 ಸೆಂಟಿಮೀಟರ್‌ನ, ತಟ್ಟೆಯಂಥ ಪಾತ್ರೆ. ನೀರಿನ ಆಳ ನಡುವೆ ಹೆಚ್ಚೆಂದರೆ 5 ಸೆಂಟಿಮೀಟರ್, ಅಂಚಿಗೆ ಬರುತ್ತ ಒಂದೆರಡಕ್ಕೆ ಇಳಿಯಬೇಕು. ಒರಟು ಮೈಯ ಮಣ್ಣಿನ ತಟ್ಟೆ ಒಳ್ಳೆಯದು. ಲೋಹ ಬಿಸಿಲಿಗೆ ಕಾಯುತ್ತದೆ, ನುಣುಪು ಪ್ಲಾಸ್ಟಿಕ್‌ನಲ್ಲಿ ಕಾಲು ಜಾರುತ್ತದೆ. ಇರುವ ಪಾತ್ರೆಯೇ ಆಳವಾಗಿದ್ದರೆ ತಳಕ್ಕೆ ಜಲ್ಲಿ ತುಂಬಿ ಆಳ ತಗ್ಗಿಸಿ. ನೀರಿನ ಮೇಲೆ ಬೆನ್ನು ತೋರಿಸುವ ಒಂದೆರಡು ಕಲ್ಲಿಟ್ಟರೆ ಜೇನ್ನೊಣಗಳೂ ಮುಳುಗದೆ ಕುಡಿಯುತ್ತವೆ. ತೋಟದಲ್ಲಿ ಬಾಯಿ ತೆರೆದ ಬಕೆಟ್, ಡ್ರಮ್ಮು ಇದ್ದರೆ ಒಳಗೊಂದು ಒರಟು ಕೋಲು ವಾರೆಯಾಗಿ ಇಳಿಬಿಡಿ. ಬಿದ್ದ ಅಳಿಲು, ಓತಿಕ್ಯಾತಗಳು ಅದನ್ನು ಹಿಡಿದು ಹತ್ತಿಬರುತ್ತವೆ.

ಇಡುವ ಜಾಗ ಪಾತ್ರೆಯಷ್ಟೇ ಮುಖ್ಯ. ಮಿಂದ ಹಕ್ಕಿಯ ರೆಕ್ಕೆ ಭಾರ, ಹಾರಾಟ ನಿಧಾನ, ಅದಕ್ಕದು ಗೊತ್ತು. ಆದ್ದರಿಂದ ಪಾತ್ರೆಯ ಸುತ್ತ ಒಂದೆರಡು ಮೀಟರ್ ಬಯಲಿರಬೇಕು, ಪೊದೆಯಲ್ಲಿ ಹೊಂಚು ಹಾಕಿದ ಬೆಕ್ಕು ಕಾಣುವಂತೆ. ಅದರಾಚೆ ಎರಡು ಮೂರು ಮೀಟರ್ ದೂರದೊಳಗೆ ಹಾರಿ ಸೇರಿಕೊಳ್ಳಲು ಗಿಡವಿರಬೇಕು. ಬೆಕ್ಕು ಓಡಾಡುವ ಕಡೆ ನೆಲದಲ್ಲಿಡದೆ ಒಂದು ಮೀಟರಿಗಿಂತ ಎತ್ತರದ ನುಣುಪು ಕಂಬದ ಮೇಲಿಡಿ. ಮೇಲಿನಿಂದ ತೂತು ಮಾಡಿದ ಬಾಟಲಿ ನೇತುಹಾಕಿ ಹನಿ ಹನಿ ಬೀಳುವಂತೆ ಮಾಡಿದರೆ, ನಿಂತ ನೀರು ಕಾಣದ ಹಕ್ಕಿಯೂ ಸದ್ದು ಕೇಳಿ ಬರುತ್ತದೆ.

ಸೊಳ್ಳೆಯಾಗುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸೆಕೆಯ ದಿನಗಳಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರಲು ಏಳರಿಂದ ಹತ್ತು ದಿನ ಬೇಕು. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ ಹೊಸತು ಹಾಕಿದರೆ ಆ ಸರಪಳಿ ತುಂಡಾಗುತ್ತದೆ. ಬರೀ ಚೆಲ್ಲಿದರೆ ಸಾಲದು, ಉಜ್ಜಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನೀರಿನಲ್ಲಲ್ಲ, ನೀರಿನ ಮಟ್ಟದ ತುಸು ಮೇಲೆ ಪಾತ್ರೆಯ ಒಳಗೋಡೆಗೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿದ್ದು ಮತ್ತೆ ನೀರು ತಾಕಿದಾಗ ಒಡೆಯುತ್ತದೆ. ಗಟ್ಟಿ ಬ್ರಶ್ಶಿನಲ್ಲಿ ಒಳಗೋಡೆ ತಿಕ್ಕಿದರೆ ಪಾಚಿಯೂ ಹೋಗುತ್ತದೆ, ಮೊಟ್ಟೆಯೂ ಹೋಗುತ್ತದೆ.

ಜಾಗವಿದ್ದರೆ ಚಿಕ್ಕ ಕೊಳವನ್ನೂ ಮಾಡಬಹುದು. 60 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಆಳದ ಟಬ್ ಸಾಕು. ಒಂದು ಬದಿಗೆ ಕಲ್ಲು ಜೋಡಿಸಿ ಇಳಿಜಾರು ಮಾಡಿ. ಕಪ್ಪೆಮರಿಗಳು ಹತ್ತಿ ಹೊರಬರಲು ಅದಿಲ್ಲದೆ ದಾರಿಯಿಲ್ಲ. ನೀರಲ್ಲಿ ಬೆಳೆಯುವ ಒಂದೆರಡು ಗಿಡ, ದಿನದ ಕೆಲಹೊತ್ತು ನೆರಳು. ಮಳೆನೀರು ಉತ್ತಮ, ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದೆರಡು ದಿನ ತೆರೆದಿಡಿ. ಇಲ್ಲಿ ನೀರು ಬದಲಿಸುವಂತಿಲ್ಲ, ಇಂಗಿದಷ್ಟು ತುಂಬಿಸುತ್ತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಮೀನು ಬಿಡಬೇಡಿ. ಸೊಳ್ಳೆಗೆಂದು ಲೋಕದ ತುಂಬ ಹಂಚಿದ ಗ್ಯಾಂಬೂಸಿಯಾ ಮೀನು ಕಪ್ಪೆಯ ಮೊಟ್ಟೆ, ಗೊದಮೊಟ್ಟೆಗಳನ್ನೂ ತಿಂದುಹಾಕುತ್ತದೆ. ಸೊಳ್ಳೆಮರಿ ತಿನ್ನುವ ಕೆಲಸವನ್ನು ಏರೋಪ್ಲೇನ್ ಚಿಟ್ಟೆಯ ಮರಿಗಳು, ನೀರುತಿಗಣೆಗಳು ತಾವಾಗಿಯೇ ಬಂದು ವಹಿಸಿಕೊಳ್ಳುತ್ತವೆ. ಅವು ನೆಲೆಯಾಗುವವರೆಗೆ ಬಿಟಿಐ ಎಂಬ ಬ್ಯಾಕ್ಟೀರಿಯಾ ಮಾತ್ರೆ ಬಳಸಬಹುದು, ಅದು ಗೊದಮೊಟ್ಟೆಗೆ ತಾಗದೆ ಸೊಳ್ಳೆಮರಿಯನ್ನು ಕೊಲ್ಲುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಕೊಳದ ಮೇಲೆ ಗಟ್ಟಿ ಜಾಲರಿ ಕಡ್ಡಾಯ. ಅಂಗೈ ಆಳದ ನೀರೂ ಮಗುವಿಗೆ ಅಪಾಯ.

ಕಸವೆಂದು ಗುಡಿಸುವುದು

ಚೊಕ್ಕಟವಾಗಿ ಗುಡಿಸಿ, ಬೇಲಿಯನ್ನು ಗೋಡೆಯ ಹಾಗೆ ಕತ್ತರಿಸಿ, ಒಣಕೊಂಬೆ ಸುಟ್ಟ ತೋಟದಲ್ಲಿ ಹಕ್ಕಿಗೆ ಅಡಗಲು ಜಾಗವಿಲ್ಲ. ಎತ್ತರದ ಮರ, ಎದೆಮಟ್ಟದ ಪೊದೆ, ಮೊಣಕಾಲೆತ್ತರದ ಗಿಡ, ನೆಲದ ತರಗೆಲೆ ಹೀಗೆ ಮಹಡಿ ಮಹಡಿಯಾಗಿ ಇದ್ದಾಗ ಒಂದೊಂದರಲ್ಲಿ ಒಂದೊಂದು ಒಕ್ಕಲು. ಸಿಂಪಿಗ ಅಗಲದೆಲೆಯ ತಗ್ಗು ಗಿಡ ಹುಡುಕಿ, ಎಲೆಯಂಚಿಗೆ ತೂತು ಮಾಡಿ, ನಾರೋ ಹತ್ತಿಯೋ ಪೋಣಿಸಿ ಚೀಲ ಹೊಲಿಯುತ್ತದೆ. ಪಿಕಳಾರಕ್ಕೆ ದಟ್ಟ ಪೊದೆ ಬೇಕು, ಮುಳ್ಳಿದ್ದರೆ ಇನ್ನೂ ಒಳ್ಳೆಯದು. ಹರಟೆಮಲ್ಲಗಳ ಗುಂಪು ತರಗೆಲೆ ಕೆದಕಿ ಜಿರಲೆ, ಗೆದ್ದಲು ಹೆಕ್ಕುತ್ತದೆ. ಸೂರಕ್ಕಿಯ ತೂಗುವ ಗೂಡು ನಿಂತಿರುವುದೇ ಜೇಡರಬಲೆಯ ಅಂಟಿನ ಮೇಲೆ. ಹೊರಗಿನ ಬಲೆಗಳನ್ನೆಲ್ಲ ಪೊರಕೆಯಲ್ಲಿ ತೆಗೆಯುವ ಮನೆಯಲ್ಲಿ ಅದಕ್ಕೆ ಸಿಮೆಂಟೇ ಸಿಗದು.

ಗಿಡಗಳ ಬುಡದಲ್ಲಿ ತರಗೆಲೆ ನಾಲ್ಕು ಬೆರಳಿನಷ್ಟು ಹಾಗೇ ಬಿಡಿ. ನೆರಳಿನ ಮೂಲೆಯಲ್ಲಿ ಮುಂಗೈ ದಪ್ಪದ ಐದಾರು ಒಣ ಮರದ ತುಂಡು ಅರ್ಧ ಹೂತು ಪೇರಿಸಿ. ಹಾವುರಾಣಿ, ಕಪ್ಪೆ, ಜೀರುಂಡೆ ಮರಿಗಳಿಗೆ ಅದೇ ಮನೆ. ಗೆದ್ದಲು ಹಿಡಿಯುವ ಕಾರಣ ಮನೆ ಗೋಡೆಯಿಂದ ಕೆಲವು ಮೀಟರ್ ದೂರವಿರಲಿ. ಹಾವು ಬಂದೀತೆಂಬ ಭಯಕ್ಕೂ ಇದೇ ಉತ್ತರ: ರಾಶಿ ಮನೆಯಿಂದ ದೂರ, ಓಡಾಡುವ ದಾರಿ ಬೋಳು, ಚೆಲ್ಲಿದ ಕಾಳು ಇಲ್ಲ. ಹಾವು ಬರುವುದು ಹೆಚ್ಚಾಗಿ ಇಲಿಯ ಹಿಂದೆ.

ಜೇನ್ನೊಣ ಎಂದರೆ ಗೂಡು ಕಟ್ಟುವ ಜೇನಷ್ಟೇ ನೆನಪಾಗುತ್ತದೆ. ಲೋಕದಲ್ಲಿ ಹೆಸರಿಟ್ಟಿರುವ ಸುಮಾರು 20,000 ಜಾತಿಗಳಲ್ಲಿ ಬಹುಪಾಲು ಒಂಟಿ ಬಾಳಿನವು, ಅವುಗಳಲ್ಲೂ ಹೆಚ್ಚಿನವು ನೆಲದಲ್ಲಿ ತೂತು ಕೊರೆದು ಮರಿ ಮಾಡುವವು. ಬಿಸಿಲು ಬೀಳುವ ಒಂದು ಚದರ ಮೀಟರ್ ನೆಲವನ್ನು ಹುಲ್ಲು, ಟೈಲ್ಸ್, ಮುಚ್ಚಿಗೆ ಏನೂ ಇಲ್ಲದೆ ಬರಿದಾಗಿ ಬಿಟ್ಟರೆ ಅವಕ್ಕೆ ಸಾಕು. ಬೊಂಬಿನ ಕೊಳವೆಗಳ ‘ಜೇನು ಹೋಟೆಲ್’ ಮಾಡುವುದಾದರೆ ಒಳತೂತು 4ರಿಂದ 8 ಮಿಲಿಮೀಟರ್, ಉದ್ದ 15 ಸೆಂಟಿಮೀಟರ್, ಹಿಂದಿನ ತುದಿ ಗೆಣ್ಣಿನಿಂದ ಮುಚ್ಚಿರಲಿ. ಉದ್ದಕ್ಕೆ ಕಾರಣವಿದೆ: ತಾಯಿ ಜೇನು ಕೊಳವೆಯ ಆಳದಲ್ಲಿ ಹೆಣ್ಣು ಮೊಟ್ಟೆಗಳನ್ನೂ ಬಾಯಿಯ ಕಡೆ ಗಂಡು ಮೊಟ್ಟೆಗಳನ್ನೂ ಇಡುತ್ತದೆ. ಗಿಡ್ಡ ಕೊಳವೆ ಕೊಟ್ಟರೆ ಗಂಡುಗಳೇ ಹೆಚ್ಚಾಗಿ ಮುಂದಿನ ಸಂತಾನ ಕುಗ್ಗುತ್ತದೆ. ಇಪ್ಪತ್ತು ಮೂವತ್ತು ಕೊಳವೆಗಿಂತ ದೊಡ್ಡದು ಬೇಡ, ಒಂದೇ ಕಡೆ ನೂರಾರು ಮರಿ ಸೇರಿದರೆ ಪರಾವಲಂಬಿ ಕಣಜ, ಬೂಷ್ಟು ಹರಡುತ್ತವೆ. ಒಳಗಿನವು ಹಾರಿಹೋದ ಮೇಲೆ ಹಳೆಯ ಕೊಳವೆ ತೆಗೆದು ಹೊಸತು ಹಾಕಿ.

ಪೆಟ್ಟಿಗೆಯ ಅಳತೆ

ಗೂಡುಪೆಟ್ಟಿಗೆಗೆ ಬರುವುದು ಪೊಟರೆಯಲ್ಲಿ ಗೂಡು ಮಾಡುವ ಹಕ್ಕಿಗಳು ಮಾತ್ರ: ಗುಬ್ಬಚ್ಚಿ, ಮಡಿವಾಳ, ಗೊರವಂಕ, ಗೂಬೆ. ಪಿಕಳಾರ, ಸೂರಕ್ಕಿ, ಸಿಂಪಿಗ ಎಷ್ಟು ಚೆಂದದ ಪೆಟ್ಟಿಗೆಯನ್ನೂ ಮೂಸಿ ನೋಡುವುದಿಲ್ಲ.

ಗುಬ್ಬಚ್ಚಿಗೆ ತಳ 15 ಸೆಂಟಿಮೀಟರ್ ಚೌಕ, ಎತ್ತರ 20ರಿಂದ 25 ಸೆಂಟಿಮೀಟರ್. ಬಾಗಿಲ ತೂತು 32 ಮಿಲಿಮೀಟರ್; ಅದು ತಳದಿಂದ ಕನಿಷ್ಠ 12 ಸೆಂಟಿಮೀಟರ್ ಮೇಲಿರಬೇಕು, ತಗ್ಗಾದರೆ ಮರಿ ಹೊರಗುರುಳುತ್ತದೆ, ಕಾಗೆಯ ಕೊಕ್ಕಿಗೆ ಎಟುಕುತ್ತದೆ. ತೂತು 45 ಮಿಲಿಮೀಟರಿಗೆ ಹಿಗ್ಗಿದರೆ ಗೊರವಂಕ ನುಗ್ಗಿ ಗುಬ್ಬಚ್ಚಿಯನ್ನು ಓಡಿಸೀತು. ಹಲಗೆಯ ದಪ್ಪ 15 ಮಿಲಿಮೀಟರಿಗೆ ಕಡಿಮೆ ಬೇಡ. ತಗಡು, ಪ್ಲಾಸ್ಟಿಕ್ ಡಬ್ಬಿಗಳು ಬಿಸಿಲಲ್ಲಿ ಒಲೆಯಾಗಿ ಮರಿ ಬೇಯುತ್ತವೆ. ಒಳಗೆ ಬಣ್ಣ, ವಾರ್ನಿಶ್ ಬಳಿಯಬೇಡಿ. ಮುಂದಿನ ಹಲಗೆಯ ಒಳಮೈ ಒರಟಾಗಿದ್ದರೆ ಮರಿ ಉಗುರೂರಿ ಬಾಗಿಲವರೆಗೆ ಹತ್ತುತ್ತದೆ. ನುಣುಪಾಗಿದ್ದರೆ ಉಳಿಯಲ್ಲಿ ಅಡ್ಡಗೀರು ಹಾಕಿ. ತಳದ ನಾಲ್ಕು ಮೂಲೆಗೆ 5 ಮಿಲಿಮೀಟರ್ ತೂತು ನೀರಿಳಿಯಲು, ಮಾಡಿನ ಕೆಳಗೆ ಗಾಳಿಗೆ ಒಂದೆರಡು. ಮಾಡು ಬಾಗಿಲಿಗಿಂತ 5 ಸೆಂಟಿಮೀಟರ್ ಮುಂದೆ ಚಾಚಿರಲಿ. ಒಂದು ಬದಿ ತೆರೆಯುವಂತಿರಬೇಕು, ಮರಿಗಳು ಹೋದ ಮೇಲೆ ಹಳೆಯ ಗೂಡು ತೆಗೆಯಬೇಕಲ್ಲ.

ಮಾರುಕಟ್ಟೆಯ ಪೆಟ್ಟಿಗೆಗಳಲ್ಲಿ ಬಾಗಿಲ ಕೆಳಗೆ ಕೂರಲು ಒಂದು ಕಡ್ಡಿ ಸಿಕ್ಕಿಸಿರುತ್ತಾರೆ. ಅದು ಕಿತ್ತುಹಾಕಿ. ಗುಬ್ಬಚ್ಚಿಗೆ ಅದರ ಅಗತ್ಯವಿಲ್ಲ, ಗೂಡಿನೊಳಕ್ಕೆ ಇಣುಕುವ ಕಾಗೆ-ಅಳಿಲುಗಳಿಗೆ ಮಾತ್ರ ಅದರಿಂದ ಅನುಕೂಲ. ಎರಡರಿಂದ ನಾಲ್ಕು ಮೀಟರ್ ಎತ್ತರದಲ್ಲಿ, ಮಧ್ಯಾಹ್ನದ ಬಿಸಿಲೂ ಮಳೆಯ ಎರಚಲೂ ಬಾರದ ಗೋಡೆಗೆ, ಗಾಳಿಗೆ ತೂಗದಂತೆ ಬಿಗಿಯಾಗಿ ಕೂಡಿಸಿ. ಗುಬ್ಬಚ್ಚಿ ಕೇರಿ ಕಟ್ಟಿ ಬಾಳುವ ಹಕ್ಕಿ. ಒಂಟಿ ಪೆಟ್ಟಿಗೆಗಿಂತ ಒಂದೇ ಸೂರಿನಡಿ ಮೂರು ನಾಲ್ಕು ಇಟ್ಟರೆ ಬರುವ ಸಾಧ್ಯತೆ ಹೆಚ್ಚು. ವರ್ಷವಾದರೂ ಖಾಲಿಯಿದ್ದರೆ ನಿರಾಸೆ ಬೇಡ, ಎರಡು ವರ್ಷ ಕಳೆದರೂ ಯಾರೂ ಬಾರದಿದ್ದರೆ ಗೋಡೆ ಬದಲಿಸಿ ನೋಡಿ.

ಕಾಳು ಇಡಲೇಬೇಕೆಂದರೆ

ಸಂಜೆಯೊಳಗೆ ಮುಗಿಯುವಷ್ಟೇ ಇಡಿ. ಉಳಿದು ಒದ್ದೆಯಾದ ಕಾಳು ಬೂಷ್ಟು ಹಿಡಿಯುತ್ತದೆ. ಶೇಂಗಾದ ಮೇಲೆ ಬೆಳೆಯುವ ಬೂಷ್ಟಿನ ಅಫ್ಲಾಟಾಕ್ಸಿನ್ ಹಕ್ಕಿಯ ಯಕೃತ್ತನ್ನು ಹಾಳುಮಾಡುತ್ತದೆ. ಉಪ್ಪು ಬೆರೆತದ್ದು, ಕರಿದದ್ದು, ಹಾಲು ಬೇಡ. ಬ್ರೆಡ್ಡಿನಿಂದ ಹೊಟ್ಟೆ ತುಂಬುತ್ತದೆ, ಪೋಷಣೆ ಸಿಗದು. ಒಂದೇ ದೊಡ್ಡ ಬಟ್ಟಲಿಗೆ ಬದಲು ದೂರ ದೂರ ಎರಡು ಮೂರು ಸಣ್ಣವು ಇಡುವುದಕ್ಕೆ ಕಾರಣ ರೋಗ. ಬ್ರಿಟನ್ನಿನ ಮನೆಯಂಗಳಗಳಲ್ಲಿ 2005ರ ಹೊತ್ತಿಗೆ ಕಾಣಿಸಿಕೊಂಡ ಟ್ರೈಕೊಮೊನೋಸಿಸ್ ಎಂಬ ಗಂಟಲ ರೋಗ ಹಸಿರು ಫಿಂಚ್ ಹಕ್ಕಿಗಳನ್ನು ಕೆಲವೇ ವರ್ಷಗಳಲ್ಲಿ ಸುಮಾರು 43 ಲಕ್ಷದಿಂದ 28 ಲಕ್ಷಕ್ಕೆ ಇಳಿಸಿತು. ರೋಗದ ಹಕ್ಕಿ ಉಗುಳಿದ ಕಾಳನ್ನು, ಕುಡಿದ ನೀರನ್ನು ಇನ್ನೊಂದು ಮುಟ್ಟಿದ್ದೇ ಅದು ಹರಡಿದ ಬಗೆ. ವಾರಕ್ಕೊಮ್ಮೆ ಬಟ್ಟಲು ತಿಕ್ಕಿ, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ ಇಡಿ. ಗರಿ ಉಬ್ಬಿಸಿಕೊಂಡು, ಹತ್ತಿರ ಹೋದರೂ ಹಾರದೆ, ಕೊಕ್ಕಿನ ಸುತ್ತ ಕೂಳು ಮೆತ್ತಿಕೊಂಡು ಕೂತ ಹಕ್ಕಿ ಕಂಡರೆ ಎರಡರಿಂದ ನಾಲ್ಕು ವಾರ ಕಾಳೂ ನೀರೂ ನಿಲ್ಲಿಸಿ. ಹಕ್ಕಿಗಳು ಚದುರಿದರೆ ರೋಗವೂ ನಿಲ್ಲುತ್ತದೆ.

ಗಾಜು, ದೀಪ, ಬೆಕ್ಕು

ಹಕ್ಕಿಗಳು ಬರತೊಡಗಿದ ಮೇಲೆ ಸಾವುಗಳೂ ಕಾಣತೊಡಗುತ್ತವೆ. ಗಾಜಿನಲ್ಲಿ ಆಕಾಶದ, ಮರದ ಪ್ರತಿಬಿಂಬ ಕಂಡು ಅದರೊಳಕ್ಕೇ ಹಾರುವ ಹಕ್ಕಿಗಳು ಅಮೆರಿಕವೊಂದರಲ್ಲೇ ವರ್ಷಕ್ಕೆ 36 ಕೋಟಿಯಿಂದ 99 ಕೋಟಿಯಷ್ಟು ಸಾಯುತ್ತವೆಂದು 2014ರ ಒಂದು ಅಂದಾಜು. ಗಿಡುಗನ ಚಿತ್ರದ ಒಂದೇ ಸ್ಟಿಕ್ಕರಿನಿಂದ ಪ್ರಯೋಜನವಿಲ್ಲ, ಹಕ್ಕಿ ಅದರ ಪಕ್ಕದಿಂದ ನುಗ್ಗುತ್ತದೆ. ಗಾಜಿನ ಹೊರಮೈಗೆ, ಇಡೀ ಹಾಳೆಯ ಉದ್ದಗಲಕ್ಕೂ, 5 ಸೆಂಟಿಮೀಟರಿಗೊಂದರಂತೆ ಚುಕ್ಕೆ ಅಥವಾ ಗೆರೆ ಇರಬೇಕು. ಒಳಮೈಗೆ ಅಂಟಿಸಿದರೆ ಪ್ರತಿಬಿಂಬದಲ್ಲಿ ಮುಚ್ಚಿಹೋಗುತ್ತದೆ. ಹೊರಗೆ ಸೊಳ್ಳೆಪರದೆ ಹಾಕಿದ ಕಿಟಕಿಗೆ ಈ ರಗಳೆಯೇ ಇಲ್ಲ. ನೀರಿನ ಬಟ್ಟಲನ್ನು ಕಿಟಕಿಗೆ ಒಂದು ಮೀಟರ್ ಒಳಗೆ ಅಥವಾ ಹತ್ತು ಮೀಟರ್ ಆಚೆ ಇಡಿ. ನಡುವಿನ ದೂರದಲ್ಲಿ ಬೆದರಿ ಎದ್ದ ಹಕ್ಕಿಗೆ ಸಾಯುವಷ್ಟು ವೇಗ ಬಂದುಬಿಡುತ್ತದೆ.

ತೋಟದ ದೀಪ ರಾತ್ರಿಯಿಡೀ ಉರಿದರೆ ಪತಂಗಗಳು ಅದರ ಸುತ್ತಲೇ ಸುತ್ತಿ ಸಾಯುತ್ತವೆ, ಮೊಟ್ಟೆಯಿಡುವುದಿಲ್ಲ. ಹಗಲಿನ ಹಕ್ಕಿಗೆ ಬೇಕಾದ ಹುಳ ಅಷ್ಟರಮಟ್ಟಿಗೆ ಕಡಿಮೆ. ಬೇಕಾದಾಗಷ್ಟೇ ಹತ್ತುವ, ಬೆಳಕು ಕೆಳಕ್ಕೆ ಬೀಳುವ, ಹಳದಿ ಬಣ್ಣದ ಎಲ್‌ಇಡಿ ಸಾಕು.

ಬೆಕ್ಕಿನ ಲೆಕ್ಕ ಎಲ್ಲಕ್ಕಿಂತ ದೊಡ್ಡದು. 2013ರ ಅಂದಾಜಿನಲ್ಲಿ ಅಮೆರಿಕದಲ್ಲಿ ಅವು ಕೊಲ್ಲುವ ಹಕ್ಕಿಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ, ಅದರಲ್ಲಿ ಹೆಚ್ಚಿನ ಪಾಲು ಒಡೆಯರಿಲ್ಲದ ಬೆಕ್ಕುಗಳದು. ಸಾಕಿದ ಬೆಕ್ಕನ್ನು ಮರಿಗಳು ಗೂಡು ಬಿಡುವ ದಿನಗಳಲ್ಲಾದರೂ, ಅದರಲ್ಲೂ ನಸುಕು-ಮುಸ್ಸಂಜೆಗಳಲ್ಲಿ, ಒಳಗೇ ಇರಿಸಿಕೊಳ್ಳಬೇಕು.

ಆ ದಿನಗಳಲ್ಲೇ ನೆಲದ ಮೇಲೆ ಕುಪ್ಪಳಿಸುವ ಮರಿ ಕಂಡೀತು. ಮೈತುಂಬ ಗರಿ, ಗಿಡ್ಡ ಬಾಲ, ಕೊಂಬೆ ಹಿಡಿದು ಕೂರುವಷ್ಟು ಕಾಲಿಗೆ ಬಲ ಇದ್ದರೆ ಅದು ಬಿದ್ದ ಮರಿಯಲ್ಲ, ಹಾರಲು ಕಲಿಯುತ್ತಿರುವುದು. ತಾಯಿ ತಂದೆ ಹತ್ತಿರದಲ್ಲೇ ಇರುತ್ತವೆ, ನೀವು ನಿಂತಿರುವ ತನಕ ಬರುವುದಿಲ್ಲ. ಬೆಕ್ಕೋ ವಾಹನವೋ ಇದ್ದರೆ ಎತ್ತಿ ಪಕ್ಕದ ಪೊದೆಯಲ್ಲಿಡಿ, ಇಲ್ಲವಾದರೆ ಮುಟ್ಟಬೇಡಿ. ಗರಿ ಬಾರದ, ಕಣ್ಣು ಬಿಡದ ಮರಿಯಾದರೆ ಗೂಡು ಹುಡುಕಿ ಮತ್ತೆ ಒಳಗಿಡಿ. ಮನುಷ್ಯರು ಮುಟ್ಟಿದ ವಾಸನೆಗೆ ತಾಯಿ ಬಿಟ್ಟುಹೋಗುತ್ತದೆಂಬುದು ನಿಜವಲ್ಲ. ಗೂಡೇ ಕಳಚಿ ಬಿದ್ದಿದ್ದರೆ ತಳಕ್ಕೆ ತೂತು ಮಾಡಿದ ಸಣ್ಣ ಬುಟ್ಟಿಯಲ್ಲಿ ಅದನ್ನು ಇಟ್ಟು ಅದೇ ಕೊಂಬೆಗೆ ಕಟ್ಟಿ. ಆಮೇಲೆ ದೂರ ಸರಿದು ಒಂದೆರಡು ಗಂಟೆ ನೋಡಿ. ಕೊಕ್ಕಿನಲ್ಲಿ ಹುಳ ಹಿಡಿದ ಹಕ್ಕಿ ಬುಟ್ಟಿಯ ಅಂಚಿಗೆ ಬಂದು ಕೂತರೆ ನಿಮ್ಮ ಕೆಲಸ ಮುಗಿಯಿತು.